ನಿಮಗಿದು ಗೊತ್ತೇ? ಸಮ್ಮೇಳನಕ್ಕೂ ಮುಂಚಿನ ಸಂಗತಿಗಳು

ಶಾಮಿಯಾನ ಏಳುವುದಕ್ಕೆ ಎಷ್ಟೋ ದಿನ ಮೊದಲೇ ಸಮ್ಮೇಳನ ಶುರುವಾಗಿರುತ್ತದೆ. ಕರೆ ಯಾರನ್ನು ಮುಟ್ಟಿತು, ಯಾರನ್ನು ಮುಟ್ಟಲಿಲ್ಲ, ಬರುವವರಿಗೆ ಬರೀ ಹೇಳಿದೆವೋ ಅಥವಾ ಅವರನ್ನು ಏನಾದರೂ ಕೇಳಿದೆವೋ ಎಂಬುದೆಲ್ಲ ಆಗಲೇ ತೀರ್ಮಾನವಾಗಿಬಿಡುತ್ತದೆ. ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯಲ್ಲಿ ರೈತರ ಸಮಾವೇಶವನ್ನೋ ಇತಿಹಾಸ ಗೋಷ್ಠಿಯನ್ನೋ ಹಳೆ ವಿದ್ಯಾರ್ಥಿಗಳ ಕೂಟವನ್ನೋ ಮಾಡಬೇಕೆಂದು ಓಡಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಲದ ಅಂಕಣ.

● ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂರು ಸಲ ನಡೆದಿದೆ: 1974, 1994 ಮತ್ತು 2024. ಈ ವರ್ಷಗಳ ಪಕ್ಕದಲ್ಲಿ ತಂತ್ರಜ್ಞಾನದ ಪಂಚಾಂಗ ಇಟ್ಟು ನೋಡಿ. 1974ರಲ್ಲಿ ಮಂಡ್ಯದ ವೇದಿಕೆಗೆ ಜಯದೇವಿತಾಯಿ ಲಿಗಾಡೆ ಬಂದರು. ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ಅವರು. ಅದೇ ವರ್ಷ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲಿನ ಬಾರ್‌ಕೋಡನ್ನು ಯಂತ್ರ ಓದಿತು. ದಿನಸಿ ಅಂಗಡಿಗಳಲ್ಲಿ ಇಂದು ಎಲ್ಲೆಡೆ ಕಾಣುವ ಆ ಪಟ್ಟೆಗಳ ಮೊದಲ ವ್ಯಾಪಾರ ಅದು. 1994ರಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ ಮಂಡ್ಯದ ಎರಡನೇ ಸಮ್ಮೇಳನ. ಅದೇ ವರ್ಷ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ಕ್ಯೂಆರ್ ಕೋಡ್ ರೂಪಿಸಿದರು. 2024ರ ಡಿಸೆಂಬರ್ 20ರಿಂದ 22ರವರೆಗೆ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಮೂರನೆಯದು, ಒಟ್ಟು ಲೆಕ್ಕದಲ್ಲಿ 87ನೆಯದು, ನಡೆಯುವ ಹೊತ್ತಿಗೆ ಎಳನೀರಿನ ಗಾಡಿಯ ಮೇಲೂ ಅದೇ ಕ್ಯೂಆರ್ ಚೌಕ ಅಂಟಿಕೊಂಡಿತ್ತು.

● 1994ರಲ್ಲಿ ಮಂಡ್ಯಕ್ಕೆ ಬಂದ ಪ್ರತಿನಿಧಿಗಳ ಜೇಬಿನಲ್ಲಿ ಮೊಬೈಲ್ ಇರಲಿಲ್ಲ. ದೇಶದಲ್ಲೇ ಇರಲಿಲ್ಲ. ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದ ಜ್ಯೋತಿ ಬಸು ಅವರಿಂದ ದೆಹಲಿಯ ಸುಖ್ ರಾಮ್ ಅವರಿಗೆ. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು ಅದಾದ ಎರಡೇ ವಾರಕ್ಕೆ, ಆಗಸ್ಟ್ 15ರಂದು. ಕಾರ್ಡು, ಕರಪತ್ರ, ಗೋಡೆಬರಹ, ಪತ್ರಿಕೆಯ ಒಂದು ಮೂಲೆ, ಆಕಾಶವಾಣಿಯ ಪ್ರದೇಶ ಸಮಾಚಾರ: ಇಷ್ಟರಿಂದಲೇ ಊರು ತುಂಬಿತ್ತು.

● ಕ್ಯೂಆರ್ ಕೋಡಿನ ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿರುತ್ತವೆ, ನಾಲ್ಕನೆಯದರಲ್ಲಿ ಇರುವುದಿಲ್ಲ. ಅದರಿಂದಲೇ ಕ್ಯಾಮೆರಾಗೆ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುವುದು. ಕರೆಯೋಲೆಯನ್ನು ತಲೆಕೆಳಗಾಗಿ ಹಿಡಿದರೂ ಓದುತ್ತದೆ. ಇನ್ನೂ ಉಪಯೋಗದ ಮಾತು: ಈ ಕೋಡ್ ಮುದ್ರಿಸುವಾಗ ನಾಲ್ಕು ಬಗೆಯ ದುರಸ್ತಿ ಮಟ್ಟಗಳಲ್ಲಿ ಒಂದನ್ನು ಆರಿಸಬಹುದು. ಅತಿ ಹೆಚ್ಚಿನ ಮಟ್ಟದಲ್ಲಿ ಸುಮಾರು ಶೇ 30ರಷ್ಟು ಭಾಗ ಅಳಿಸಿಹೋದರೂ ಮಾಹಿತಿ ಉಳಿಯುತ್ತದೆ, ಕಡಿಮೆ ಮಟ್ಟದಲ್ಲಿ ಶೇ 7ರಷ್ಟು ಮಾತ್ರ. ಬಸ್ ನಿಲ್ದಾಣದ ಗೋಡೆಗೆ, ಹಾಲಿನ ಡೇರಿಯ ಬಾಗಿಲಿಗೆ ಅಂಟಿಸುವ ಭಿತ್ತಿಪತ್ರಕ್ಕೆ ಯಾವ ಮಟ್ಟ ಬೇಕೆಂದು ಮುದ್ರಣದವರಿಗೆ ಮೊದಲೇ ಹೇಳಿ. ಮಳೆ, ಧೂಳು, ಕೆಸರು ಯಾವುದನ್ನೂ ತಪ್ಪಿಸಲಾಗದ ಜಾಗಗಳು ಅವು.

● ಒಂದು ಕ್ಯೂಆರ್ ಕೋಡಿನಲ್ಲಿ ಎಷ್ಟು ಕನ್ನಡ ಹಿಡಿಸುತ್ತದೆ? ದೊಡ್ಡ ಗಾತ್ರದ ಕೋಡಿನಲ್ಲಿ 2953 ಬೈಟ್‌ಗಳಿಗೆ ಜಾಗವಿದೆ. ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಅಲ್ಲಿಗೆ 984 ಸಂಕೇತ. ಇಂಟರ್ನೆಟ್ ಇಲ್ಲದ ಜಾಗದಲ್ಲೂ ತೆರೆದುಕೊಳ್ಳುವಂತೆ ದಿನದ ಕಾರ್ಯಕ್ರಮ ಪಟ್ಟಿಯನ್ನೇ ಅದರೊಳಗೆ ಇಟ್ಟುಬಿಡಬಹುದು. ಆದರೆ ಅಷ್ಟು ತುಂಬಿದರೆ ಚುಕ್ಕಿಗಳು ತೀರಾ ಸಣ್ಣವಾಗಿ ಹಳೆಯ ಫೋನಿನ ಕ್ಯಾಮೆರಾಗೆ ಓದಲು ಕಷ್ಟ. ನಾಲ್ಕೈದು ಸಾಲು ಸಾಕು.

● ಈಗ ಎಸ್ಸೆಮ್ಮೆಸ್ಸಿನ ಮಾತು. ಇಲ್ಲಿ ಕನ್ನಡಿಗರು ತಿಳಿದಿರಲೇಬೇಕಾದ ಒಂದು ಲೆಕ್ಕವಿದೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಕಾರಣ ಸರಳ: ಒಂದು ಎಸ್ಸೆಮ್ಮೆಸ್ ಎಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್, ಹಾಗಾಗಿ 160. ಕನ್ನಡ ಸಂಕೇತಕ್ಕೆ 16 ಬಿಟ್, ಹಾಗಾಗಿ 70. ಇಂಗ್ಲಿಷ್ ಸಂದೇಶದ ನಡುವೆ ಒಂದೇ ಒಂದು ಕನ್ನಡ ಅಕ್ಷರ ಸೇರಿಸಿದರೂ ಇಡೀ ಸಂದೇಶ 70ರ ಮಿತಿಗೆ ಇಳಿಯುತ್ತದೆ. 70 ದಾಟಿದರೆ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಸೂಚನೆಗೂ ಜಾಗ ಬೇಕಾದ್ದರಿಂದ ಆಗ ತುಂಡಿಗೆ 67 ಮಾತ್ರ. ಸಾವಿರ ಜನಕ್ಕೆ ಕಳಿಸುವ ಸಂಘಟಕರಿಗೆ ಪ್ರತಿ ತುಂಡಿಗೂ ದುಡ್ಡು.

ಇನ್ನೊಂದು ಸೂಕ್ಷ್ಮ. ನಾವು ಎಣಿಸುವ ಅಕ್ಷರ ಬೇರೆ, ಯಂತ್ರ ಎಣಿಸುವ ಸಂಕೇತ ಬೇರೆ. ‘ಸಮ್ಮೇಳನ’ ನಮಗೆ ನಾಲ್ಕಕ್ಷರ. ಯಂತ್ರಕ್ಕೆ ಒತ್ತು, ಗುಣಿತ ಎಲ್ಲ ಸೇರಿ 7. ಉದಾಹರಣೆಗೆ ‘ನಾಳೆ ಬೆಳಗ್ಗೆ 10ಕ್ಕೆ ಆತಗೂರಿನಲ್ಲಿ ಕೃಷಿ ಸಮ್ಮೇಳನ. ಬನ್ನಿ.’ ಎಂದು ಬರೆದರೆ, ನಡುವಿನ ಖಾಲಿ ಜಾಗಗಳೂ ಸೇರಿ 52 ಆಯಿತು. ಉಳಿದದ್ದು 18. ಜಾಗದ ಹೆಸರು ಹಾಕಬಹುದು, ಅಧ್ಯಕ್ಷರ ಹೆಸರು ಹಾಕಲಾಗದು. ಹೀಗಿದ್ದರೂ ಕನ್ನಡದಲ್ಲೇ ಕಳಿಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಓದಲಾಗದ 160 ಅಕ್ಷರಕ್ಕಿಂತ ಓದಿಸಿಕೊಳ್ಳುವ 70 ಮೇಲು.

● ಜಗತ್ತಿನ ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್ನಿನಲ್ಲಿ. ಅದೊಂದು ಕ್ರಿಸ್‌ಮಸ್ ಶುಭಾಶಯ.

● ಜಗತ್ತಿನ ಮೊದಲ ಸ್ಪ್ಯಾಮ್ ಇಮೇಲ್ ಯಾವುದು? ಲಾಟರಿಯದಲ್ಲ, ಸಾಲದ್ದಲ್ಲ. ಒಂದು ಕಾರ್ಯಕ್ರಮದ ಆಹ್ವಾನ! 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಎಂಬುವರು ಕ್ಯಾಲಿಫೋರ್ನಿಯಾದ ಎರಡು ಊರುಗಳಲ್ಲಿ ತಮ್ಮ ಹೊಸ ಕಂಪ್ಯೂಟರುಗಳ ಪ್ರದರ್ಶನ ಇಟ್ಟಿದ್ದರು. ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ ಒಂದೇ ಪತ್ರ ಹೋಯಿತು. ವಿಳಾಸಗಳು ಎಷ್ಟೆಂದರೆ ವಿಳಾಸದ ಜಾಗದಲ್ಲಿ ಹಿಡಿಸದೆ ಪತ್ರದ ಒಡಲಿಗೇ ಹರಿದುಬಂದವು. ಕೇಳದೆ ಬಂದ ಆ ಕರೆಗೆ ದೂರುಗಳ ಸುರಿಮಳೆ. ಒಪ್ಪಿಗೆ ಕೇಳದೆ ನಂಬರು ಕೂಡಿಹಾಕಿ ಗುಂಪಿಗೆ ಸೇರಿಸುವ ಇಂದಿನ ಉತ್ಸಾಹಿಗಳು ಈ ಕಥೆ ನೆನಪಿಡಬೇಕು.

● ವಾಟ್ಸ್ಯಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಗುಂಪಿನಲ್ಲಿ 1024. ಬ್ರಾಡ್‌ಕಾಸ್ಟ್ ಮಾಡಿದ ಕರೆ ಮಾತ್ರ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಮುಟ್ಟುತ್ತದೆ. ಕಳಿಸಿದವರ ಫೋನಿನಲ್ಲಿ ಎಲ್ಲ ಸರಿಯಾಗಿಯೇ ಕಾಣುವುದರಿಂದ ‘ಎಲ್ಲರಿಗೂ ಹಾಕಿದ್ದೀನಿ, ಆದರೂ ಯಾರೂ ಬರಲಿಲ್ಲ’ ಎಂಬ ಬೇಸರ ಹುಟ್ಟುತ್ತದೆ. ಮೊದಲ ಕರಪತ್ರದಲ್ಲೇ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಅಚ್ಚು ಹಾಕಿಸಿದರೆ ಅರ್ಧ ಕೆಲಸ ಆದಂತೆ.

● ವಾಟ್ಸ್ಯಾಪಿನಲ್ಲಿ ಫಾರ್ವರ್ಡ್ ಮಿತಿ ಬಂದದ್ದು ಸುಳ್ಳುಸುದ್ದಿಯಿಂದ ಹಲ್ಲೆ, ಕೊಲೆಗಳಾದ ಮೇಲೆ. 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಜಾಗಕ್ಕೆ ದಾಟಿಸಬಹುದೆಂಬ ಮಿತಿ ಹಾಕಿದರು. 2020ರಿಂದ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಆದ್ದರಿಂದ ಒಂದೇ ಆಹ್ವಾನ ಕೈಯಿಂದ ಕೈಗೆ ಊರೆಲ್ಲ ಸುತ್ತಲಿ ಎಂದು ಕಾಯಬೇಡಿ. ಊರಿಗೊಬ್ಬರು ಜವಾಬ್ದಾರಿ ಹೊತ್ತು ತಮ್ಮ ಮಾತಿನಲ್ಲಿ ಹೊಸದಾಗಿ ಬರೆದು ಕಳಿಸಲಿ. ಓದುವವರಿಗೂ ನಂಬಿಕೆ ಬರುತ್ತದೆ.

● ‘ಮಿಸ್ಡ್ ಕಾಲ್ ಕೊಡಿ, ಹೆಸರು ನೋಂದಾಯಿಸಿ’ ಎಂಬ ಉಪಾಯವನ್ನು ಉದ್ಯಮವಾಗಿ ಬೆಳೆಸಿದ್ದು ನಮ್ಮ ಬೆಂಗಳೂರಿನ ಜಿಪ್‌ಡಯಲ್ ಕಂಪನಿ. 2010ರಲ್ಲಿ ಶುರುವಾದ ಅದನ್ನು 2015ರ ಜನವರಿಯಲ್ಲಿ ಟ್ವಿಟರ್ ಕೊಂಡುಕೊಂಡಿತು. ನೀವು ಕರೆ ಮಾಡುತ್ತೀರಿ, ಒಂದು ರಿಂಗಿಗೆ ಕಡಿತವಾಗುತ್ತದೆ, ನಿಮ್ಮ ಕಾಸು ಖರ್ಚಾಗುವುದಿಲ್ಲ, ಆದರೆ ಅತ್ತಲಿನ ಯಂತ್ರ ನಂಬರು ಬರೆದುಕೊಂಡು ಸಂದೇಶವನ್ನೋ ಕರೆಯನ್ನೋ ತಿರುಗಿಸಿ ಕಳಿಸುತ್ತದೆ. 2011ರ ಭ್ರಷ್ಟಾಚಾರ ವಿರೋಧಿ ಆಂದೋಲನ ದೇಶದಾದ್ಯಂತ ಬೆಂಬಲಿಗರನ್ನು ಎಣಿಸಿದ್ದೂ ಮಿಸ್ಡ್ ಕಾಲ್‌ಗಳಿಂದಲೇ.

ನೋಂದಣಿಗೆ ಆ್ಯಪ್ ಇಳಿಸಿಕೊಳ್ಳಿ, ಇಮೇಲ್ ಹಾಕಿ, ಓಟಿಪಿ ಒತ್ತಿ ಎಂದು ಕೇಳುವ ಮೊದಲು ಸಂಘಟಕರು ಒಂದು ಕ್ಷಣ ನಿಲ್ಲಬೇಕು. ಆತಗೂರು ಹೋಬಳಿಯ ಕಬ್ಬಿನ ಗದ್ದೆಯಲ್ಲಿ ಗುಂಡಿ ಒತ್ತುವ ಸಣ್ಣ ಫೋನು ಹಿಡಿದವರು ಇಂದಿಗೂ ಇದ್ದಾರೆ. ಅವರಿಗೆ ಮಿಸ್ಡ್ ಕಾಲ್ ಕೊಡಲು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಜನ ತಾವೇ ಕಂಡುಕೊಂಡಿದ್ದ ಸಂಕೇತ ಅದು: ಒಂದು ರಿಂಗು ಅಂದರೆ ಬಸ್ ಹತ್ತಿದೆ, ಎರಡು ಅಂದರೆ ಬಂದುಬಿಟ್ಟೆ.

● ಮದ್ದೂರಿನ ಪಿನ್‌ಕೋಡ್ 571428. ನಾಲ್ಕನ್ನು ಏಳರಿಂದ ಭಾಗಿಸಿ ನೋಡಿ: 0.571428571428... ಮದ್ದೂರಿನ ಪಿನ್‌ಕೋಡೇ ಮತ್ತೆ ಮತ್ತೆ ಬರುತ್ತದೆ, ಕೊನೆಯಿಲ್ಲದೆ!

ಸಮ್ಮೇಳನಕ್ಕೆ ಹೆಸರು ಕೊಟ್ಟವರಿಗೆ ದಿನಕ್ಕೊಂದು ಪ್ರಶ್ನೆ ಕಳಿಸುವ ಯೋಜನೆ ಇದ್ದರೆ ಇದನ್ನೇ ಮೊದಲನೆಯದಾಗಿ ಇಡಿ. ಶಾಲೆಯ ಮಕ್ಕಳು ಮನೆಯವರಿಗೆಲ್ಲ ಲೆಕ್ಕ ಮಾಡಿ ತೋರಿಸುತ್ತಾರೆ. ಎರಡನೇ ದಿನಕ್ಕೆ ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ: 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹೋಗಿ ಮೊದಲು ಬೆಳಗಿದ್ದು ಯಾವ ಊರನ್ನು? ಬೆಂಗಳೂರನ್ನಲ್ಲ, ಮೈಸೂರನ್ನೂ ಅಲ್ಲ. ಕೋಲಾರದ ಚಿನ್ನದ ಗಣಿಯನ್ನು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಇಂಥ ಪ್ರಶ್ನೆಗೆ ಉತ್ತರ ಹುಡುಕಿದವರು ಸಮ್ಮೇಳನದ ದಿನ ಅಪರಿಚಿತರಾಗಿ ಬಂದು ಮೂಲೆಯಲ್ಲಿ ಕೂರುವುದಿಲ್ಲ. ಮಾತಿಗೆ ಏನೋ ಒಂದು ಕೈಯಲ್ಲಿರುತ್ತದೆ.

● ಪಿನ್‌ಕೋಡ್ ಪದ್ಧತಿ ಬಂದದ್ದು 1972ರ ಆಗಸ್ಟ್ 15ರಂದು. ಒಂದು ಪಿನ್‌ಕೋಡಿನೊಳಗೆ ಹತ್ತಾರು ಹಳ್ಳಿ ಇರಬಹುದು, ಸಭೆಯ ಜಾಗ ಅದರಲ್ಲಿ ಸಿಗುವುದಿಲ್ಲ. ಅದಕ್ಕೇ ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿತು. ದೇಶವನ್ನೆಲ್ಲ ಹೆಚ್ಚುಕಡಿಮೆ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಹೆಣೆದು, ಪ್ರತಿ ಚೌಕಕ್ಕೂ 10 ಅಂಕೆ-ಅಕ್ಷರಗಳ ಗುರುತು ಕೊಟ್ಟಿದ್ದಾರೆ. ‘ಅರಳಿಕಟ್ಟೆಯಿಂದ ಎಡಕ್ಕೆ ತಿರುಗಿ’ ಎಂಬ ಸಾಲಿನ ಪಕ್ಕದಲ್ಲಿ ಅದೂ ಇರಲಿ. ಅರಳಿಕಟ್ಟೆಯ ಸಾಲು ತೆಗೆಯಬೇಡಿ.

● ನೋಂದಣಿ ನಮೂನೆಯಲ್ಲಿ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ತುಂಬಿಸಿದರೆ ಆತಗೂರು ಒಂದೇ ಊರಾಗಿ ಉಳಿಯುವುದಿಲ್ಲ. ಒಬ್ಬರು ಎಚ್ ಹಾಕುತ್ತಾರೆ, ಒಬ್ಬರು ಬಿಡುತ್ತಾರೆ, ಕೊನೆಯ ಉಕಾರ ಇದ್ದರೂ ಇರಬಹುದು, ಹೋದರೂ ಹೋಗಬಹುದು. ಊಟದ ಲೆಕ್ಕಕ್ಕೋ ಬಸ್ಸಿನ ಲೆಕ್ಕಕ್ಕೋ ಪಟ್ಟಿ ತೆಗೆದರೆ ನಾಲ್ಕು ಊರು. ಊರಿನ ಹೆಸರನ್ನು ಬರೆಯಿಸುವ ಬದಲು ಕನ್ನಡದ ಪಟ್ಟಿಯಿಂದ ಆರಿಸುವಂತೆ ಮಾಡಿ.

● ಆತಗೂರಿಗೆ ಇತಿಹಾಸದ ವಿದ್ಯಾರ್ಥಿಗಳನ್ನು ಕರೆಯುವುದಾದರೆ ಬೇರೆ ಆಕರ್ಷಣೆಯೇ ಬೇಡ. ಹಳೆಯ ಪುಸ್ತಕಗಳಲ್ಲಿ ಆತಕೂರು ಎಂದು ಬರುವ ಈ ಊರಿನ ಚಲ್ಲೇಶ್ವರ ದೇಗುಲದ ಮುಂದಿತ್ತು ಆತಕೂರು ಶಾಸನವೆಂಬ ಪ್ರಸಿದ್ಧ ಕಲ್ಲು, ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಇಮ್ಮಡಿ ಬೂತುಗ, ತನ್ನ ವೀರ ಮಣಲೇರನನ್ನು ಮೆಚ್ಚಿ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಯ ಏರ್ಪಾಡು ಮಾಡಿದರು. ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಒಂದು ದೊಡ್ಡ ಸಾಮ್ರಾಜ್ಯದ ಯುದ್ಧದ ವಿವರವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ಸಮಸಮ ನಿಂತದ್ದು ಕನ್ನಡ ನೆಲದ ಹೆಮ್ಮೆ ಅನ್ನುತ್ತೇನೆ.

ಕಲ್ಲಿನ ಮೇಲೆ ನಾಯಿ, ಹಂದಿ ಸೆಣಸುವ ಚಿತ್ರವೂ ಇದೆ. ಓದಬಲ್ಲವರಿಗೆ ಬರಹ, ಓದಲಾರದವರಿಗೆ ಚಿತ್ರ: ಸಾವಿರ ವರ್ಷದ ಹಿಂದಿನ ಈ ಎಚ್ಚರ ಇಂದಿನ ಎಷ್ಟು ಭಿತ್ತಿಪತ್ರಗಳಲ್ಲಿದೆ?

● ಆದರೆ ಕಲ್ಲು ಈಗ ಆತಗೂರಿನಲ್ಲಿಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿಗೆ ಬರುವವರಿಗೆ ಕಲ್ಲಿಲ್ಲ, ಕಲ್ಲು ನೋಡುವವರಿಗೆ ಊರಿಲ್ಲ. ಇಲ್ಲಿ ತಂತ್ರಜ್ಞಾನ ನಿಜವಾಗಿ ಕೈಹಿಡಿಯಬಲ್ಲದು. 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದೆ. ಬಿಸಿಲಲ್ಲಿ ಬರಿಗಣ್ಣಿಗೆ ಕಾಣದ ಸವೆದ ಅಕ್ಷರವೂ, ಪರದೆಯ ಮೇಲೆ ಬೆಳಕನ್ನು ಓರೆಯಾಗಿ ಬೀಳಿಸಿ ಕಲ್ಲನ್ನು ತಿರುಗಿಸಿದರೆ ಎದ್ದುಕಾಣುತ್ತದೆ. ಆತಕೂರು ಶಾಸನದ ಅಂಥ ಮಾದರಿಯೊಂದು ಗೋಷ್ಠಿಗೆ ಹದಿನೈದು ದಿನ ಮೊದಲು ಬರುವವರ ಫೋನಿಗೆ ಸಿಕ್ಕರೆ? ಅವರು ಶಾಸನವನ್ನು ತಾವೇ ಓದಲು ಯತ್ನಿಸಿ, ಎಡವಿದ ಸಾಲಿನ ಪ್ರಶ್ನೆ ಹಿಡಿದೇ ಬರುತ್ತಾರೆ. ಆಗ ಭಾಷಣಕಾರರಿಗೂ ಹುರುಪು. ಮದ್ದೂರಿನ ಕಾಲೇಜುಗಳು ಇದನ್ನು ಕೈಗೆತ್ತಿಕೊಳ್ಳಲಿ ಎಂಬ ಆಸೆ ನನಗಿದೆ.

● ಮದ್ದೂರಿಗೆ ಅಂಟಿಕೊಂಡಂತಿರುವ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿತು. ಜಾಗ ಕೊಟ್ಟವರು ಊರಿನ ತಿರುಮಲೇಗೌಡರು, ಅಧ್ಯಕ್ಷರು ಟಿ. ಸಿದ್ದಲಿಂಗಯ್ಯ. ರಾಷ್ಟ್ರಧ್ವಜ ಹಾರಿಸಕೂಡದೆಂದು ಸರ್ಕಾರ ನಿಷೇಧ ಹೇರಿತ್ತು. ಆದರೂ ಸಾವಿರಾರು ಜನ ಬಂದರು, ಧ್ವಜ ಏರಿತು, ಬಂಧನಗಳಾದವು. ಇಂದು ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಫೋನಿಲ್ಲದ, ಮನೆಮನೆಗೆ ರೇಡಿಯೋ ಬಾರದ ಕಾಲದಲ್ಲಿ ಅಷ್ಟು ಜನ ಹೇಗೆ ಕೂಡಿದರು? ಬರುವವನಿಗೆ ಅಲ್ಲಿ ತನ್ನದೊಂದು ಕೆಲಸವಿದೆ ಎಂದು ಮೊದಲೇ ಗೊತ್ತಿತ್ತು. ಆ ನಿಷೇಧಾಜ್ಞೆಯೇ ದೊಡ್ಡ ಕರೆಯೋಲೆಯಾಗಿರಬೇಕು ಎಂದು ನನಗನಿಸುತ್ತದೆ. ನೋಡಲು ಬನ್ನಿ ಅಂದರೆ ಬರುವವರು ಬೇರೆ, ಮಾಡಲು ಬನ್ನಿ ಅಂದರೆ ಬರುವವರು ಬೇರೆ.

● ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದಾಗ ಅವರ ಯಂತ್ರದ ಬಲ 30 ವಾಟ್. ಹಳೆಯ ಬಗೆಯ ಒಂದು ಟ್ಯೂಬ್‌ಲೈಟಿಗಿಂತ ಕಡಿಮೆ!

● ಸಮುದಾಯ ರೇಡಿಯೋ ನಡೆಸಲು ಸಂಘ-ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟದ್ದು 2006ರಲ್ಲಿ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಬಲ್ ತಂತಿಯ ಮೂಲಕ ಹಳ್ಳಿಯ ದನಿಯನ್ನು ಮನೆಗಳಿಗೆ ಮುಟ್ಟಿಸುತ್ತಿತ್ತು. ಗಾಳಿಯಲ್ಲಿ ಕಳಿಸಲು ಪರವಾನಗಿ ಬೇಕು, ತಂತಿಯಲ್ಲಿ ಕಳಿಸಲು ದಾರಿ ಸಿಕ್ಕಿತು. ಹಳ್ಳಿಯ ಹೆಂಗಸರು ತಾವೇ ಕಾರ್ಯಕ್ರಮ ಮಾಡಿದರು.

● ಇಂದು ಮದುವೆಗೂ ಜಾತ್ರೆಗೂ ಅಂಟಿಸುವ ಹ್ಯಾಶ್‌ಟ್ಯಾಗ್ ಹುಟ್ಟಿದ್ದೇ ಒಂದು ಕೂಟದ ನೆಪದಲ್ಲಿ. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸೀನಾ ಎಂಬ ವಿನ್ಯಾಸಕಾರ ಟ್ವಿಟರಿನಲ್ಲಿ ಹೀಗೊಂದು ಗುರುತು ಬಳಸೋಣವೇ ಎಂದು ಕೇಳುವಾಗ ಕೊಟ್ಟ ಉದಾಹರಣೆ ಬಾರ್‌ಕ್ಯಾಂಪ್. ಭಾಷಣಕಾರರ ಪಟ್ಟಿಯನ್ನು ಮೊದಲೇ ಅಚ್ಚು ಹಾಕಿಸದೆ, ಬಂದವರೇ ವಿಷಯ ಹಂಚಿಕೊಳ್ಳುವ ಕೂಟವದು. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕದ ಆಸ್ಟಿನ್ ನಗರದ ಸಮ್ಮೇಳನವೊಂದರ ಓಣಿಗಳಲ್ಲಿ ದೊಡ್ಡ ಪರದೆ ಇಟ್ಟು ಬಂದವರ ಟ್ವೀಟುಗಳನ್ನು ಹರಿಯಬಿಟ್ಟಿದ್ದರು. ದಿನಕ್ಕೆ 20,000 ಇದ್ದದ್ದು 60,000ಕ್ಕೆ ಏರಿತ್ತು. ಬೆಂಗಳೂರಿಗೆ ಬಾರ್‌ಕ್ಯಾಂಪ್ ಬಂದದ್ದು ಅದಕ್ಕೂ ಮೊದಲು, 2006ರಲ್ಲಿ.

● ಬೆಂಗಳೂರಿನದೇ ಇನ್ನೊಂದು ಸಂಸ್ಥೆ ಹ್ಯಾಸ್‌ಗೀಕ್. ತಂತ್ರಜ್ಞರ ಸಮ್ಮೇಳನಗಳನ್ನು ನಡೆಸುವ ಇವರ ಪದ್ಧತಿ ನನಗೆ ತುಂಬ ಮೆಚ್ಚುಗೆ. ಯಾರು ಏನು ಮಾತಾಡಲು ಬಯಸುತ್ತಾರೆ ಎಂಬುದನ್ನು ತಿಂಗಳುಗಳ ಮೊದಲೇ ಜಾಲದಲ್ಲಿ ಎಲ್ಲರೆದುರು ಇಡುತ್ತಾರೆ. ಓದಿದವರು ಮತ ಹಾಕಬಹುದು, ‘ಇದನ್ನು ಇನ್ನಷ್ಟು ಬಿಡಿಸಿ ಹೇಳಿ’ ಎಂದು ಟೀಕೆ ಬರೆಯಬಹುದು. ಮಾತಾಡುವವರು ತಿದ್ದಿಕೊಳ್ಳುತ್ತಾರೆ. ವೇದಿಕೆ ಏರುವ ಹೊತ್ತಿಗೆ ಕೇಳುವವರಿಗೂ ಆ ಮಾತಿನಲ್ಲಿ ಪಾಲು ಇರುತ್ತದೆ.

ನಮ್ಮ ಹೋಬಳಿ ಮಟ್ಟದ ಸಾಹಿತ್ಯ ಸಮ್ಮೇಳನದಲ್ಲಿ ಇದನ್ನು ಏಕೆ ಮಾಡಬಾರದು? ಗೋಷ್ಠಿಗಳ ವಿಷಯ ಯಾರೋ ಐದು ಜನ ಕೂತು ಬರೆದದ್ದು. ನೀರಾ, ಬೆಲ್ಲದ ಆಲೆಮನೆ, ನಾಲೆಯ ಕೊನೆಯ ಭಾಗಕ್ಕೆ ನೀರು ಬಾರದ ಸಂಕಟ ಇವುಗಳಲ್ಲಿ ಯಾವುದರ ಬಗ್ಗೆ ಕೇಳಬೇಕೆಂದು ಜನಕ್ಕೆ ಇದೆಯೋ ಯಾರೂ ವಿಚಾರಿಸಿದ್ದಿಲ್ಲ. ವಾಟ್ಸ್ಯಾಪಿನಲ್ಲಿ 2022ರಿಂದ ಮತಗಣನೆಯ ಸೌಲಭ್ಯವಿದೆ, 12 ಆಯ್ಕೆಗಳವರೆಗೆ ಕೊಡಬಹುದು. ಒಂದು ಪೈಸೆ ಖರ್ಚಿಲ್ಲ. ಕೇಳಿದ ಮೇಲೆ ಬಂದ ಉತ್ತರದಂತೆ ಒಂದು ಗೋಷ್ಠಿಯನ್ನಾದರೂ ಬದಲಿಸಬೇಕು, ಅಷ್ಟೇ ಷರತ್ತು.

● ಭಾರತದ ವಿಕಿಪೀಡಿಯ ಬರಹಗಾರರು 2016ರ ಆಗಸ್ಟ್‌ನಲ್ಲಿ ಮೊಹಾಲಿಯಲ್ಲಿ ಸಮ್ಮೇಳನ ಸೇರುವ ಮೊದಲು, ಜುಲೈ ತಿಂಗಳು ಪೂರ್ತಿ ಪಂಜಾಬಿನ ಬಗ್ಗೆ ತಂತಮ್ಮ ಭಾಷೆಯ ವಿಕಿಪೀಡಿಯಗಳಲ್ಲಿ ಲೇಖನ ಬರೆದರು. ಆತಿಥೇಯರ ನಾಡನ್ನು ಓದಿಕೊಂಡು, ಬರೆದುಕೊಂಡು, ಆಮೇಲೆ ರೈಲು ಹತ್ತಿದರು! ಇದಕ್ಕಿಂತ ಒಳ್ಳೆಯ ಪೂರ್ವಸಿದ್ಧತೆ ನಾನು ಕೇಳಿಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಮಂಡ್ಯಕ್ಕೆ ಬರುವ ಅತಿಥಿಗಳು ಮದ್ದೂರು ತಾಲ್ಲೂಕಿನ ಒಂದೊಂದು ಊರಿನ ಬಗ್ಗೆ ಒಂದೊಂದು ಪುಟ ಬರೆದು ಬಂದರೆ ಸಮ್ಮೇಳನ ಮುಗಿದರೂ ಪುಟ ಉಳಿಯುತ್ತದೆ.

● ಅಚ್ಚಿನ ಮನೆಯಿಂದ ಬಂದ ಚೆಂದದ ಕನ್ನಡ ಆಹ್ವಾನವನ್ನು ಫೋನಿಗೆ ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದಲ್ಲ, ಏಕೆ? ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯಿದೆ, ಅಲ್ಲಿ ಬರೆದದ್ದು ಎಲ್ಲೆಡೆ ಕನ್ನಡವಾಗಿಯೇ ಉಳಿಯುತ್ತದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿ ವಾಸು ತಂದ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’: ಇವರೆಲ್ಲರ ದುಡಿಮೆಯ ಮೇಲೆ ಇಂದಿನ ನಮ್ಮ ಒಂದೊಂದು ಕನ್ನಡ ಸಂದೇಶವೂ ನಿಂತಿದೆ. ಆಹ್ವಾನವನ್ನು ಯೂನಿಕೋಡ್‌ನಲ್ಲೇ ಕೊಡಿ ಎಂದು ಅಚ್ಚಿನ ಮನೆಯವರನ್ನು ಕೇಳಿ. ಚಿತ್ರವಾಗಿ ಮಾತ್ರ ಕಳಿಸಿದ ಆಹ್ವಾನವನ್ನು ದೃಷ್ಟಿಯಿಲ್ಲದವರ ಫೋನು ಸರಿಯಾಗಿ ಓದಿ ಹೇಳಲಾರದು. ಅಕ್ಷರವಾಗಿ ಕಳಿಸಿದ್ದನ್ನು ಓದುತ್ತದೆ.

● ಅಮೆರಿಕದ ಕನ್ನಡಿಗರ ಅಕ್ಕ ಸಮ್ಮೇಳನ ಮೊದಲು ನಡೆದದ್ದು 2000ದಲ್ಲಿ, ಹ್ಯೂಸ್ಟನ್‌ನಲ್ಲಿ. ಹ್ಯೂಸ್ಟನ್‌ನಲ್ಲಿರುವ ಮಗಳನ್ನು ಆತಗೂರಿನ ಪೂರ್ವಸಿದ್ಧತಾ ಸಭೆಗೆ ವಿಡಿಯೋದಲ್ಲಿ ಸೇರಿಸಬೇಕೇ? ಇಲ್ಲಿ ಸಂಜೆ 7 ಗಂಟೆ ಎಂದರೆ ಅಲ್ಲಿ ಬೇಸಿಗೆಯಲ್ಲಿ ಬೆಳಗಿನ 8.30, ಚಳಿಗಾಲದಲ್ಲಿ 7.30. ಅವರು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ನವೆಂಬರ್ ಮತ್ತು ಮಾರ್ಚ್ ತಿಂಗಳ ಸಭೆಗಳಲ್ಲಿ ಯಾರಾದರೊಬ್ಬರು ಒಂದು ಗಂಟೆ ಮೊದಲೋ ಆಮೇಲೋ ಬರುವುದು ಇದರಿಂದಲೇ.

● ಬೆರಳಲ್ಲಿ ಒತ್ತಲು ಬಾರದವರು ಬಾಯಲ್ಲಿ ಹೇಳಬಹುದು. ಗೂಗಲ್ ಧ್ವನಿ ಟೈಪಿಂಗಿಗೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. ‘ಬತ್ತೀನಿ ಕಣಣ್ಣೊ, ಮೂರು ಜನ ಆಯ್ತೀವಿ’ ಎಂಬ ಮಾತನ್ನು ಯಂತ್ರ ತಪ್ಪಿಲ್ಲದೆ ಹಿಡಿಯಬೇಕಾದರೆ ಅದು ಪುಸ್ತಕದ ಕನ್ನಡವನ್ನಷ್ಟೇ ಅಲ್ಲ, ಸೀಮೆಸೀಮೆಯ ಕನ್ನಡವನ್ನು ಕೇಳಿ ಕಲಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆಯ ಗುರಿಯೇ ಅದು: ದೇಶದ 773 ಜಿಲ್ಲೆಗಳ ಜನರ ಸಹಜ ಮಾತನ್ನು ಧ್ವನಿಮುದ್ರಿಸಿ ಎಲ್ಲರ ಬಳಕೆಗೆ ತೆರೆದಿಡುವುದು. ಅಲ್ಲಿಯತನಕ ಸಂಘಟಕರಿಗೊಂದು ಸುಲಭದ ದಾರಿ ಇದ್ದೇ ಇದೆ. ವಾಟ್ಸ್ಯಾಪಿನಲ್ಲಿ ಊರಿನ ಹಿರಿಯರೊಬ್ಬರ ದನಿಯಲ್ಲಿ ಅರ್ಧ ನಿಮಿಷದ ಕರೆ. ಮಂಡ್ಯದ ಮಾತು ಮಂಡ್ಯದವರ ಕಿವಿಗೆ ಬಿದ್ದರೆ ಯಾರೂ ನಡುವೆ ನಿಲ್ಲಿಸುವುದಿಲ್ಲ.

● ಹೆಸರು, ವಯಸ್ಸು, ಫೋನ್ ನಂಬರು, ಕೆಲವೊಮ್ಮೆ ಆಧಾರ್ ಸಂಖ್ಯೆ: ಒಂದು ದಿನದ ಸಭೆಗೆ ಇಷ್ಟೆಲ್ಲ ಏಕೆ ಬೇಕು? 2023ರಲ್ಲಿ ಸಂಸತ್ತು ಒಪ್ಪಿ, ಹಂತಹಂತವಾಗಿ ಜಾರಿಗೆ ಬರುತ್ತಿರುವ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಈ ಪ್ರಶ್ನೆಯನ್ನೇ ಕೇಳುತ್ತದೆ. ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಒಪ್ಪಿಗೆ ಅನ್ವಯಿಸುತ್ತದೆ, ಅದಕ್ಕಿಂತ ಹೆಚ್ಚಿನದಕ್ಕಿಲ್ಲ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು ಎಂದೂ ಅದು ಹೇಳುತ್ತದೆ. ಕನ್ನಡ ಆ 22ರಲ್ಲಿ ಒಂದು. ಅಂದರೆ ‘ನಾನು ಒಪ್ಪುತ್ತೇನೆ’ ಎಂಬ ಪುಟ್ಟ ಚೌಕಕ್ಕೆ ಗುರುತು ಹಾಕುವ ಮೊದಲು ಅದರ ಮೇಲಿನ ಸಾಲುಗಳನ್ನು ಕನ್ನಡದಲ್ಲಿ ಕೇಳುವುದಕ್ಕೆ ಕಾನೂನಿನ ಆಧಾರವಿದೆ.

ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು ಎಂಬುದೂ ಅದೇ ಕಾಯ್ದೆಯ ಮಾತು. ಸಮ್ಮೇಳನ ಮುಗಿದು ತಿಂಗಳಾದರೂ ನಿವೇಶನದ ಜಾಹೀರಾತು ಬರುತ್ತಲೇ ಇದ್ದರೆ ನಂಬರು ತೆಗೆಸಲು ಎಲ್ಲಿಗೆ ಹೇಳಬೇಕೆಂದು ನೋಂದಣಿ ದಿನವೇ ಕೇಳಿಟ್ಟುಕೊಳ್ಳಿ.